ದೂರವಿದ್ದು ಜೊತೆಗೂಡಿ ಹಾಡುವ ಬಗೆ

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಭಜನಾ ಮಂಡಳಿಯ ಅವಸ್ಥೆ ತಮಗೆಲ್ಲ ತಿಳಿದದ್ದೇ. ಒಬ್ಬರಿಗೆ ರಾತ್ರಿಪಾಳಿ, ಮತ್ತೊಬ್ಬರ ಬಿಡಾರ ವಿರಾರಿನಲ್ಲಿ. ಹಾಡು ಹೇಳಿಕೊಡುತ್ತಿದ್ದ ಹಿರಿಯರಂತೂ ನಿವೃತ್ತರಾಗಿ ಕಾರ್ಕಳದ ಕಡೆಗೆ ಹೊರಟುಹೋದರು. ದಹಿಸರಿನಲ್ಲಿ ಉಳಿದವರು ನಾವು ನಾಲ್ವರು. ಅವರ ಧಾಟಿಗಳು ಅವರೊಂದಿಗೇ ಹೋಗಿಬಿಡುವುವೇ ಎಂಬ ಚಿಂತೆ ನಮ್ಮನ್ನು ಹಿಡಿಯಿತು.

ಮೊದಲು ವಿಡಿಯೋ ಕರೆಯಲ್ಲಿ ಎಲ್ಲರೂ ಒಮ್ಮೆಗೇ ಹಾಡಿ ನೋಡಿದೆವು. ತಾಳ ಚೆಲ್ಲಾಪಿಲ್ಲಿಯಾಯಿತು. ತಪ್ಪು ಯಾರದೂ ಅಲ್ಲ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 10 ಮೀಟರು ದೂರ ಕುಳಿತವರ ತಾಳ ನಮ್ಮನ್ನು ಮುಟ್ಟಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು. ಅಷ್ಟನ್ನು ಕಿವಿ ಸಹಿಸೀತು. ಕರೆಯಲ್ಲಾದರೋ ಅದರ ಹಲವು ಪಟ್ಟು ತಡವಾಗುತ್ತದೆ. ಒಬ್ಬರನ್ನೊಬ್ಬರು ಕಾಯುತ್ತ ಹಾಡು ಎಳೆದುಹೋಗುತ್ತದೆ.

ಆದುದರಿಂದ ಒಮ್ಮೆಗೇ ಹಾಡದೆ, ಒಬ್ಬರಾದ ಮೇಲೊಬ್ಬರು ಹಾಡತಕ್ಕದ್ದು. ಇದಕ್ಕೆ ಬ್ಯಾಂಡ್‌ಲ್ಯಾಬ್ ಎಂಬ ಸಾಧನವುಂಟು. ಮೊಬೈಲಿನಲ್ಲೇ ನಡೆಯುತ್ತದೆ, ಹಣ ಕೊಡದೆಯೂ ಬಳಸಬಹುದು. ಹಿರಿಯರು ಊರಿನಲ್ಲಿ, ಕಿವಿಯಲ್ಲಿ ತಾಳದ ಟಿಕ್ ಟಿಕ್ ಕೇಳುತ್ತ, ಮೊದಲು ಹಾಡಿದರು. ಅದನ್ನು ಕೇಳುತ್ತ ವಿರಾರಿನವರು ತಬಲಾ ಸೇರಿಸಿದರು. ರಾತ್ರಿಪಾಳಿಯವರು ಬೆಳಗ್ಗೆ ಮನೆಗೆ ಬಂದು ದನಿಗೂಡಿಸಿದರು. ಪ್ರತಿಯೊಂದು ದನಿಯೂ ಲೆಕ್ಕದ ಪುಸ್ತಕದ ಬೇರೆ ಬೇರೆ ಕಾಲಮ್ಮಿನಂತೆ ಇರುತ್ತದೆ. ಒಂದನ್ನು ತಿದ್ದಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಅನುಭವದಿಂದ ಕಲಿತ ಎರಡು ಮಾತು. ತಂತಿಯುಳ್ಳ ಇಯರ್‌ಫೋನನ್ನೇ ಬಳಸಿರಿ. ತಂತಿಯಿಲ್ಲದ್ದು ದನಿಯನ್ನು ತಡಮಾಡುತ್ತದೆ. ಹಾಡುವಾಗ ಫ್ಯಾನು ನಿಲ್ಲಿಸಿರಿ. ಲೋಕಲ್ ಗಾಡಿ ದಾಟಿಹೋಗುವ ತನಕ ಕಾಯಿರಿ.

ಹಾಡು ಪೂರ್ತಿಯಾಯಿತೆಂದು ನಾವು ಹಿಗ್ಗಿದೆವು. ಮರುದಿನ ಹಿರಿಯರ ಫೋನು ಬಂತು: "ಎರಡನೆಯ ಚರಣದಲ್ಲಿ ನೀವೆಲ್ಲ ಓಡುತ್ತಿದ್ದೀರಿ ಮಾರಾಯ್ರೆ, ಇನ್ನೊಮ್ಮೆ ಹಾಡಿ." ಬೈಗುಳವಾದರೂ ನಮಗೆ ಅದು ಹಬ್ಬವಾಯಿತು. ನಿಂತುಹೋಗಿದ್ದ ಪಾಠ ಮತ್ತೆ ಮೊದಲಾಗಿತ್ತು. ಯಂತ್ರವು ದನಿಗಳನ್ನು ಕೂಡಿಸಬಲ್ಲುದು. ತಪ್ಪನ್ನು ಕೇಳಿ ಹೇಳಲು ಮಾತ್ರ ಗುರುವೇ ಬೇಕು.

ಕಡೆಯದಾಗಿ ಒಂದು ಬಿನ್ನಹ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ತಮ್ಮ ಮುದ್ರಿಕೆಗಳ ಕೊನೆಯಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ನಾವೂ ಹಾಡಿದವರ, ತಬಲಾ ನುಡಿಸಿದವರ, ತಾಳ ಹಾಕಿದವರ ಹೆಸರನ್ನು ತಪ್ಪದೆ ಬರೆದಿಡೋಣ. ದೂರದಲ್ಲಿರುವವರನ್ನು ಮರೆಯದಿರುವುದೇ ಸಂಘದ ಮೊದಲ ಕೆಲಸವಲ್ಲವೇ?