ಕೆರೆಗೆ ಇಳಿಯುತ್ತಿದ್ದ ವಿಮಾನ

(ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಪೆಂಡಲ್ ಹಿಲ್‌ನ ಐದು ಕುಟುಂಬಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚಿನ ಭಾಷಣವೆಂದರೆ ಸಭಿಕರ ಕಣ್ಣು ಗಡಿಯಾರದ ಮೇಲೆ, ಮೂಗು ಬಿಸಿಬೇಳೆಬಾತಿನ ಕಡೆ ಎಂಬುದು ನಮಗೂ ಗೊತ್ತು. ಆದ್ದರಿಂದ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇವೆ. ವಿಷಯ: ಪ್ಲಾಸ್ಟಿಕ್ ವಿಮಾನ. ನಗಬೇಡಿ! ಮಕ್ಕಳಾಟಿಕೆ ಎಂದುಕೊಂಡೇ ನಾವೂ ಶುರು ಮಾಡಿದ್ದು. ಅದು ನಮ್ಮನ್ನು ಸಿಡ್ನಿಯಿಂದ ಬೆಂಗಳೂರಿನವರೆಗೆ ಕರೆದುಕೊಂಡು ಹೋಯಿತು.

ನಮ್ಮಲ್ಲಿ ಹೆಚ್ಚಿನವರು ಈ ದೇಶಕ್ಕೆ ಬಂದಿಳಿದದ್ದು ಮ್ಯಾಸ್ಕಾಟ್‌ನ ವಿಮಾನ ನಿಲ್ದಾಣದಲ್ಲಿ. ಆದರೆ 1938ರಲ್ಲಿ ವಿದೇಶದಿಂದ ವಿಮಾನದಲ್ಲಿ ಸಿಡ್ನಿಗೆ ಬಂದವರು ಇಳಿಯುತ್ತಿದ್ದುದು ನೀರಿನ ಮೇಲೆ, ರೋಸ್ ಬೇಯಲ್ಲಿ. ಅದೇ ಈ ಊರಿನ ಮೊದಲ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಆ ವರ್ಷದ ಜುಲೈಯಿಂದ ಕ್ವಾಂಟಾಸ್ ಎಂಪೈರ್ ಏರ್‌ವೇಸ್‌ನ ನಾಲ್ಕು ಎಂಜಿನ್ನಿನ ಫ್ಲೈಯಿಂಗ್ ಬೋಟುಗಳು ಅಲ್ಲಿಂದ ಹೊರಡತೊಡಗಿದವು. ಸಿಂಗಪುರದಲ್ಲಿ ಸಿಬ್ಬಂದಿ ಬದಲು, ಆಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ವರೆಗೆ ಒಂಬತ್ತು-ಹತ್ತು ದಿನಗಳ ಪ್ರಯಾಣ. ದಾರಿಯಲ್ಲಿ ಭಾರತವೂ ಸಿಗುತ್ತಿತ್ತು: ಕಲ್ಕತ್ತ, ಅಲಹಾಬಾದ್, ಗ್ವಾಲಿಯರ್, ರಾಜಸ್ಥಾನದ ರಾಜಸಮಂದ್. ಹದಿನೇಳನೆಯ ಶತಮಾನದಲ್ಲಿ ಮೇವಾಡದ ಮಹಾರಾಣಾ ರಾಜಸಿಂಹ ಕಟ್ಟಿಸಿದ ಕೆರೆ ಇಪ್ಪತ್ತನೆಯ ಶತಮಾನದಲ್ಲಿ ವಿಮಾನ ನಿಲ್ದಾಣವಾಯಿತು. ರನ್‌ವೇ ಕಟ್ಟುವ ಖರ್ಚಿಲ್ಲ. ಉದ್ದವಾದ, ಶಾಂತವಾದ ನೀರೊಂದಿದ್ದರೆ ಸಾಕು.

1942ರಲ್ಲಿ ಸಿಂಗಪುರ ಜಪಾನೀಯರ ಕೈಗೆ ಬಿದ್ದಾಗ ಈ ದಾರಿ ಕಡಿದುಹೋಯಿತು. ಆಗ ಬಂದದ್ದು ನಮ್ಮ ಕಥಾನಾಯಕ, ಎರಡು ಎಂಜಿನ್ನಿನ ಕೆಟಲಿನಾ. 1943ರಿಂದ 1945ರವರೆಗೆ ಕ್ವಾಂಟಾಸ್‌ನ ಐದು ಕೆಟಲಿನಾಗಳು ಪರ್ತ್‌ನಿಂದ ಸಿಂಹಳದ ಕೊಗ್ಗಲಕ್ಕೆ, ಐದು ಸಾವಿರದ ಆರುನೂರಕ್ಕೂ ಹೆಚ್ಚು ಕಿಲೋಮೀಟರು, ಎಲ್ಲೂ ಇಳಿಯದೆ ಹಾರುತ್ತಿದ್ದವು. ಪ್ರಯಾಣಿಕರು ಮೂವರೇ, ಉಳಿದ ಜಾಗವೆಲ್ಲ ಪೆಟ್ರೋಲಿಗೆ. ಶತ್ರುವಿಗೆ ಗೊತ್ತಾಗಬಾರದೆಂದು ರೇಡಿಯೊ ಮೌನ. ನಕ್ಷತ್ರ ನೋಡಿ ದಾರಿ. 27 ಗಂಟೆಗೂ ಮೀರಿದ ಪ್ರಯಾಣವಾದ್ದರಿಂದ ಒಳಗಿದ್ದವರು ಎರಡು ಸೂರ್ಯೋದಯ ನೋಡುತ್ತಿದ್ದರು. ಹಾಗಾಗಿಯೇ ಅದಕ್ಕೆ ‘ಡಬಲ್ ಸನ್‌ರೈಸ್’ ಎಂದು ಹೆಸರು. ಹೀಗೆ 271 ಸಲ ಹಿಂದೂ ಮಹಾಸಾಗರ ದಾಟಿದರು. ಬೆಂಗಳೂರಿಗೆ ಹೋಗುವಾಗ ಸೀಟು ಇಕ್ಕಟ್ಟು ಎಂದು ಗೊಣಗುವ ನಾವು ಒಮ್ಮೆ ಇದನ್ನು ನೆನೆಯಬೇಕು!

ಇಷ್ಟು ಓದಿಕೊಂಡು 1:72 ಅಳತೆಯ ಕೆಟಲಿನಾ ಕಿಟ್ ತಂದೆವು. ಹನ್ನೊಂದು ಶನಿವಾರ, ಒಂದು ಗ್ಯಾರೇಜು, ಐದು ಮನೆಯ ಮಕ್ಕಳು. 1:72 ಎಂದರೆ ನಿಜವಾದ ವಿಮಾನದ 72 ಇಂಚು ಇಲ್ಲಿ ಒಂದೇ ಇಂಚು; ಆರಡಿ ಎತ್ತರದ ಪೈಲಟ್ ಒಂದಂಗುಲದ ಗೊಂಬೆ. ಕೆಟಲಿನಾದ ರೆಕ್ಕೆಯ ಹರವು 104 ಅಡಿ, ಅದು ನಮ್ಮ ಮೇಜಿನ ಮೇಲೆ 44 ಸೆಂಟಿಮೀಟರ್ ಆಗುತ್ತದೆ. ಈ ಲೆಕ್ಕ ಹಾಕಿದ್ದು ಮಕ್ಕಳೇ. ಮನೆಯಲ್ಲಿ ಗಣಿತದ ಪುಸ್ತಕ ಕಂಡರೆ ಓಡುವವರು ಇಲ್ಲಿ ಸ್ಕೇಲು ಹಿಡಿದು ಜಗಳ ಆಡುತ್ತಿದ್ದರು.

ನಾವು ಸಾಫ್ಟ್‌ವೇರ್‌ನವರು. ಏನಾದರೂ ಕೆಟ್ಟರೆ ಕಂಟ್ರೋಲ್-ಝಡ್ ಒತ್ತುವವರು. ಗೋಂದಿಗೆ ಕಂಟ್ರೋಲ್-ಝಡ್ ಇಲ್ಲ. ಈ ಗೋಂದು ಮೇಲೆ ಮೇಲೆ ಅಂಟಿಸುವುದೂ ಅಲ್ಲ. ಎರಡೂ ಅಂಚಿನ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದರೊಳಗೊಂದು ಬೆರೆಸಿಬಿಡುತ್ತದೆ. ಆದ್ದರಿಂದ ಮೊದಲು ಗೋಂದಿಲ್ಲದೆ ಜೋಡಿಸಿ ನೋಡಬೇಕು, ಬೆಳಕಿಗೆ ಹಿಡಿಯಬೇಕು, ಸಂದು ಕಂಡರೆ ಉಜ್ಜಬೇಕು. ಪಾರದರ್ಶಕ ಕಿಟಕಿಗಳಿಗೆ ಸೂಪರ್ ಗ್ಲೂ ತಾಗಿಸಬಾರದು, ಅದರ ಆವಿಗೆ ಮಂಜು ಹಿಡಿದಂತೆ ಬಿಳಿಚಿಕೊಳ್ಳುತ್ತವೆ. ಅಲ್ಲಿಗೆ ಫೆವಿಕಾಲ್ ಜಾತಿಯ ಬಿಳಿ ಗೋಂದೇ ಸರಿ. ಚಕ್ರಗಳಿರುವ ಮಾದರಿಯಾದರೆ ಮೂಗಿನೊಳಗೆ ನಟ್ಟು-ಬೋಲ್ಟು ಇಟ್ಟು ಭಾರ ಮಾಡಬೇಕು, ಇಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಬಣ್ಣ ನೀರ್ ದೋಸೆ ಹಿಟ್ಟಿಗಿಂತಲೂ ತೆಳ್ಳಗೆ, ಹಾಲಿನ ಹದದಲ್ಲಿರಬೇಕು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಮೇಲು. ಎರಡರ ನಡುವೆ ಕಾಯಬೇಕು. ಈಗಿನ ಮಕ್ಕಳಿಗೆ ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ.

ಹೊಟ್ಟೆಯ ಭಾಗ ಜೋಡಿಸುವಾಗ ಒಬ್ಬ ಹುಡುಗಿ ಕೇಳಿದಳು: “ಅಂಕಲ್, ದೋಣಿಯ ತಳ ನುಣ್ಣಗಿರಬೇಕಲ್ವಾ? ಇಲ್ಲಿ ಯಾಕೆ ಮೆಟ್ಟಿಲು?” ಒಳ್ಳೆಯ ಪ್ರಶ್ನೆ. ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಸ್ಟೀಲ್ ತಟ್ಟೆ ಇಟ್ಟರೆ ಹಿಡಿದುಕೊಳ್ಳುತ್ತದೆ. ಒಂದಂಚಿನಲ್ಲಿ ಗಾಳಿ ನುಗ್ಗಿದರೆ ಸಲೀಸಾಗಿ ಏಳುತ್ತದೆ. ನೀರೂ ವಿಮಾನದ ಹೊಟ್ಟೆಯನ್ನು ಹಾಗೆಯೇ ಹಿಡಿಯುತ್ತದೆ. ವೇಗ ಏರಿದಾಗ ಆ ಮೆಟ್ಟಿಲ ಹಿಂದೆ ಗಾಳಿ ಸೇರಿ ಹಿಡಿತ ಬಿಡಿಸುತ್ತದೆ. ಮೆಟ್ಟಿಲಿಲ್ಲದಿದ್ದರೆ ಮೇಲೇಳುವುದೇ ಕಷ್ಟ. ಇದನ್ನು ಚಿತ್ರದಲ್ಲಿ ನೋಡಿದರೆ ಮರೆತುಹೋಗುತ್ತದೆ, ಬೆರಳಿನಲ್ಲಿ ಮುಟ್ಟಿದರೆ ಉಳಿಯುತ್ತದೆ.

ನಾಲ್ಕನೆಯ ಶನಿವಾರ ನಮ್ಮ ಗುಂಪಿಗೆ ಒಬ್ಬ ತಾತ ಸೇರಿಕೊಂಡರು. ಮಗನ ಮನೆಗೆ ಬೆಂಗಳೂರಿನಿಂದ ಬಂದಿದ್ದವರು, ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರು. ಎರಡು ವಾರ ಬಾಲ್ಕನಿಯಲ್ಲಿ ಕೂತು ಬೇಸತ್ತಿದ್ದರಂತೆ. ಮಕ್ಕಳ ಕೈಯಿಂದ ಅರ ತೆಗೆದುಕೊಂಡು, “ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತು ಮರಿ, ಹಿಂದಕ್ಕೆ ತರುವಾಗ ಎತ್ತು. ಅರ ಮುಂದಕ್ಕೇ ಕಡಿಯೋದು” ಎಂದು ತೋರಿಸಿದರು. ಆಮೇಲೆ ಡಬ್ಬಿಯ ಮೇಲಿನ ಚಿತ್ರ ನೋಡಿ, “ಇದು ನಮ್ಮ ಬೆಳ್ಳಂದೂರು ಕೆರೆಗೆ ಇಳೀತಿತ್ತು ಅಂತ ನಮ್ಮ ಹಿರಿಯ ಮೇಸ್ತ್ರಿಗಳು ಹೇಳ್ತಿದ್ರು” ಎಂದರು. ಗ್ಯಾರೇಜಿನಲ್ಲಿ ಎಲ್ಲರೂ ಕೈ ನಿಲ್ಲಿಸಿದೆವು.

ತಾತ ಹೇಳಿದ್ದು ನಿಜ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಯುದ್ಧ ಜೋರಾದಾಗ, 1943ರಲ್ಲಿ, ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ ವಿಮಾನ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಅಲ್ಲಿ ಕೂಲಂಕಷ ದುರಸ್ತಿ ಕಂಡ ಮೊದಲ ವಿಮಾನವೇ ಒಂದು ಕೆಟಲಿನಾ. ಕಾರ್ಖಾನೆಗೆ ದಕ್ಷಿಣದಲ್ಲೇ ಬೆಳ್ಳಂದೂರು ಕೆರೆ, ಸುಮಾರು 900 ಎಕರೆ. ಕೆಟಲಿನಾಗಳು ಅಲ್ಲಿಗೇ ಬಂದು ಇಳಿಯುತ್ತಿದ್ದವು. ರೋಸ್ ಬೇಯ ಉಪ್ಪುನೀರು, ಬೆಂಗಳೂರಿನ ಕೆರೆಯ ಸಿಹಿನೀರು, ಎರಡೂ ಒಂದೇ ಜಾತಿಯ ವಿಮಾನಗಳನ್ನು ಹೊತ್ತಿದ್ದವು!

ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ಆದರೆ ಹನ್ನೊಂದು ವರ್ಷದ ಹುಡುಗನೊಬ್ಬ ಕೇಳಿದ: “ಬೆಳ್ಳಂದೂರು ಅಂದ್ರೆ ನೊರೆ ಬರೋ ಕೆರೆ ಅಲ್ವಾ ತಾತ? ಬೆಂಕಿ ಬಿದ್ದಿದ್ದ ಕೆರೆ?” ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೌದು, ಅದೇ ಕೆರೆ. ಊರು ಬೆಳೆಯಿತು, ಸುತ್ತ ಕಂಪನಿಗಳು, ಅಪಾರ್ಟ್‌ಮೆಂಟುಗಳು ಬಂದವು, ಶುದ್ಧೀಕರಿಸದ ಕೊಳಚೆ ಕೆರೆಗೆ ಹರಿಯಿತು. ಸೋಪಿನ ಪುಡಿಯ ರಾಸಾಯನಿಕಗಳು ನೊರೆಯಾಗಿ ರಸ್ತೆಗೆ ಹಾರಿದವು. 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿತು. ಕೊನೆಯ ಸಲ ಆರಿಸಲು ಸೈನಿಕರೇ ಬಂದರು. ಹಸಿರು ನ್ಯಾಯಮಂಡಳಿ ಪ್ರಕರಣವನ್ನು ತಾನಾಗಿ ಕೈಗೆತ್ತಿಕೊಂಡಿತು. ಆಮೇಲೆ ಹೂಳೆತ್ತುವ ಕೆಲಸವೂ ಶುರುವಾಯಿತು. ಇಷ್ಟನ್ನೂ ಮುಚ್ಚಿಡದೆ ಮಕ್ಕಳಿಗೆ ಹೇಳಿದೆವು. ಊರಿನ ಬಗ್ಗೆ ಬರೀ ಜಂಬ ಕೊಚ್ಚಿದರೆ ಮಕ್ಕಳು ನಂಬುವುದಿಲ್ಲ. ಬರೀ ಬೈದರೆ ಅವರು ಅಲ್ಲಿಗೆ ಹೋಗಲು ಬಯಸುವುದಿಲ್ಲ. ವಿಮಾನ ಇಳಿಯುವಂತಿದ್ದ ಕೆರೆ ಅದು, ಮತ್ತೆ ಹಾಗಾಗಬಹುದಾದ ಕೆರೆಯೂ ಹೌದು ಎಂದು ಹೇಳಿದರೆ, ಅವರಿಗೆ ಅದು ತಮ್ಮದೂ ಅನ್ನಿಸುತ್ತದೆ.

ಕೆಟಲಿನಾದ ರೆಕ್ಕೆಯ ತುದಿಗಳಲ್ಲಿ ಎರಡು ತೇಲುಬುಡ್ಡೆಗಳಿವೆ. ಹಾರುವಾಗ ಹೊರಕ್ಕೆ ಮಡಚಿಕೊಂಡು ರೆಕ್ಕೆಯ ತುದಿಯೇ ಆಗಿಬಿಡುತ್ತವೆ, ನೀರಿಗಿಳಿಯುವ ಮೊದಲು ಕೆಳಗೆ ಬರುತ್ತವೆ. ಮಾದರಿಯಲ್ಲಿ ಹೇಗೆ ಬೇಕಾದರೂ ಅಂಟಿಸಬಹುದು. ಹಾರುವ ಭಂಗಿ ಚೆಂದ ಎಂದು ನಾವು ದೊಡ್ಡವರು ವಾದಿಸಿದೆವು. ಮಕ್ಕಳು ಒಪ್ಪಲಿಲ್ಲ. ಕೆಳಗೇ ಇರಲಿ, ಇದು ಇಳಿಯುತ್ತಿರುವ ವಿಮಾನ ಎಂದರು. ಮತ ಹಾಕಿದೆವು, ಮಕ್ಕಳು ಗೆದ್ದರು. ತಾತನ ಮತವೂ ಅವರಿಗೇ!

ಆ ಮಾದರಿಯನ್ನು ಇಂದಿನ ಹರಾಜಿಗೆ ಕೊಟ್ಟಿದ್ದೇವೆ. ಕೊಡಲು ಮಕ್ಕಳಿಗೆ ಸುಲಭವಾಗಿರಲಿಲ್ಲ, ಆದರೂ ಅವರಾಗಿಯೇ ಒಪ್ಪಿದರು. ಕೊಂಡವರು ಧೂಳು ಕೂರದಂತೆ ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂಬುದು ಅವರ ಒಂದೇ ಷರತ್ತು.

ಕೊನೆಗೆ ಎರಡು ಕೋರಿಕೆ. ಒಂದು, ಫೆರ್ರಿ ಹಿಡಿದು ಮಕ್ಕಳನ್ನು ರೋಸ್ ಬೇಗೆ ಕರೆದುಕೊಂಡು ಹೋಗಿ. ಯುದ್ಧಕಾಲದಲ್ಲಿ ಕೆಟಲಿನಾಗಳ ದೊಡ್ಡ ನೆಲೆಯಾಗಿದ್ದ ಲೇಕ್ ಮ್ಯಾಕ್ವಾರಿಯ ರಾತ್‌ಮೈನ್ಸ್‌ಗೂ ಹೋಗಿ ಬನ್ನಿ. ಎರಡು, ಊರಿನಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಮನೆಯಲ್ಲಿದ್ದರೆ ಅವರು ಏನು ಕೆಲಸ ಮಾಡುತ್ತಿದ್ದರೆಂದು ಮಕ್ಕಳ ಮುಂದೆ ಕೇಳಿ. ಸಲಕರಣೆ ಅವರ ಕೈಗೆ ಕೊಡಿ. ಟಿವಿ ರಿಮೋಟು ಹಿಡಿದು ಕೂತ ಕೈಗಳಿಗೆ ಬಹಳಷ್ಟು ಗೊತ್ತಿರುತ್ತದೆ.

ಮುಂದಿನ ಕಿಟ್ ಬಂದಿದೆ. ಹತ್ತು ವರ್ಷ ದಾಟಿದ ಮಕ್ಕಳು ಯಾರು ಬೇಕಾದರೂ ಬರಬಹುದು. ಚಾಕು ದೊಡ್ಡವರ ಕೈಯಲ್ಲಿ, ಗ್ಯಾರೇಜಿನ ಬಾಗಿಲು ಸದಾ ತೆರೆದು, ಇವೆರಡೇ ನಿಯಮ. ಕಾಫಿ ನಮ್ಮದು, ತಿಂಡಿ ನಿಮ್ಮದು!

ಬನ್ನಿ, ಬಿಸಿಬೇಳೆಬಾತು ಆರುವ ಮುಂಚೆ ಊಟಕ್ಕೆ ಏಳೋಣ.