ಮನೆಯ ಕಾಯಿದೆಯೂ ಸಮಾಜಸೇವೆಯೂ



ಸಮಾಜಕಾರ್ಯದ ವ್ಯಾಸಂಗಕ್ಕೆ ಸೇರಲಿರುವ ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾನು ವಕೀಲನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಮನೆಯ ಯಜಮಾನ ತೀರಿಕೊಂಡ ಮೇಲೆ ಆ ಮನೆಯವರು ಹತ್ತಬೇಕಾದ ಮೆಟ್ಟಿಲುಗಳಲ್ಲಿ ಬ್ಯಾಂಕಿನದೂ ಒಂದು. ಕುಟುಂಬದ ಕಾಯಿದೆಯನ್ನು ಅರಿಯದ ಸಮಾಜಸೇವಕನು ಎಷ್ಟು ಒಳ್ಳೆಯವನಾದರೂ ಬಲಹೀನರಿಗೆ ಅಪಕಾರ ಮಾಡಿಯಾನು ಎಂಬುದೇ ನನ್ನ ಅರಿಕೆ.

ಇಟಲಿಯ ವಿಶ್ವವಿದ್ಯಾನಿಲಯಗಳಲ್ಲಿ ಸಮಾಜಸೇವಕರಾಗತಕ್ಕವರಿಗೆ ಕುಟುಂಬದ ಕಾಯಿದೆಯ ಪಾಠವುಂಟು. ಅಲ್ಲಿ 1942ರ ಒಂದೇ ಸಿವಿಲ್ ಸಂಹಿತೆ. 1975ರಲ್ಲಿ ಅದನ್ನು ತಿದ್ದಿ ಗಂಡಹೆಂಡಿರಿಗೆ ಸಮಾನ ಸ್ಥಾನ ಕೊಟ್ಟರು. ನಮ್ಮಲ್ಲಾದರೋ ಹಿಂದೂಗಳಿಗೆ ಒಂದು ಕಾಯಿದೆ, ಮುಸಲ್ಮಾನರಿಗೆ ಒಂದು, ಕ್ರೈಸ್ತರಿಗೆ ಇನ್ನೊಂದು. ಹೈದರಾಬಾದಿನ ಒಂದೇ ಬೀದಿಯಲ್ಲಿ ಈ ಮೂರೂ ಎದುರಾದಾವು. ಆದುದರಿಂದ ಇಲ್ಲಿಯ ಸೇವಕನು ಹೆಚ್ಚು ಕಲಿಯಬೇಕು. ಈ ಹೊತ್ತು ಹಿಂದೂ ಕಾಯಿದೆಯಿಂದ ಎರಡು ಸಂಗತಿಗಳನ್ನೂ, ಎಲ್ಲರಿಗೂ ಸಲ್ಲುವ ಇನ್ನೊಂದನ್ನೂ ಹೇಳುತ್ತೇನೆ.

ಮೊದಲನೆಯದು ಹೆಣ್ಣುಮಕ್ಕಳ ಪಾಲು. ಮೈಸೂರು ಸಂಸ್ಥಾನವು 1933ರಲ್ಲಿಯೇ ಕಾಯಿದೆ ಮಾಡಿ, ಕುಟುಂಬದ ಆಸ್ತಿಯಲ್ಲಿ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಅಂಶ ಕೊಟ್ಟಿತು. ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ, ಕರ್ನಾಟಕದ ಏಕೀಕರಣವಾದ ವರ್ಷವೇ. ಆದರೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಕ್ಕೆ ಹುಟ್ಟಿನ ಹಕ್ಕು ಸಿಗಲಿಲ್ಲ. ಆಂಧ್ರಪ್ರದೇಶವು 1986ರಲ್ಲಿಯೂ ಕರ್ನಾಟಕವು 1994ರಲ್ಲಿಯೂ ಅದನ್ನು ಕೊಟ್ಟರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟವು. ಆ ಭೇದವನ್ನು ತೆಗೆದದ್ದು 2005ರ ತಿದ್ದುಪಡಿ. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಗಳು ಹಾಗೆಯೇ ಉಳಿಯುತ್ತವೆ.

ಇದು ಪರಸ್ಥಳದಲ್ಲಿರುವ ನಮಗೆ ಸೇರಿದ ವಿಷಯ. ಹೊಲ ಬೀದರಿನಲ್ಲೋ ರಾಯಚೂರಿನಲ್ಲೋ, ಸಂಸಾರ ಇಲ್ಲಿ. ಹಬ್ಬಕ್ಕೆ ತವರಿಗೆ ಹೋದ ಮಗಳ ಮುಂದೆ ಅರಿಸಿನ ಕುಂಕುಮದ ಜೊತೆಗೆ ಹಕ್ಕು ಬಿಟ್ಟುಕೊಡುವ ಕಾಗದವನ್ನೂ ಇಡುತ್ತಾರೆ. ಅವಳು ಅಣ್ಣನಿಗೆ ಸಂತೋಷದಿಂದ ಬಿಟ್ಟುಕೊಡಲಿ, ಅದು ಅವಳ ದೊಡ್ಡತನ. ಆದರೆ ಏನನ್ನು ಬಿಡುತ್ತಿದ್ದೇನೆಂದು ತಿಳಿದು ಬಿಡಬೇಡವೇ?

ಎರಡನೆಯದು ಬ್ಯಾಂಕಿನ ಠೇವಣಿ. ನಾಮಿನಿ ಎಂದು ಹೆಸರು ಬರೆಸಿದವನೇ ಹಣದ ಒಡೆಯನೆಂಬ ನಂಬಿಕೆ ಬಹಳ ಜನರಲ್ಲಿದೆ. ಬ್ಯಾಂಕು ಹಣ ಕೊಡುವುದು ಅವನ ಕೈಗೇ ಸರಿ. ಆದರೆ ಅದು ವಾರಸುದಾರರ ಪರವಾಗಿ ಪಡೆದ ಹಣವೆಂದು 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಒಬ್ಬಾತನು ಉಯಿಲು ಬರೆಯದೆ 8 ಲಕ್ಷ ರೂಪಾಯಿ ಸ್ವಯಾರ್ಜಿತ ಹಣ ಬಿಟ್ಟು ತೀರಿಕೊಂಡನೆನ್ನಿ. ಹೆಂಡತಿ, ಮಗ, ಮಗಳು, ತಾಯಿ ಇದ್ದಾರೆ. ನಾಮಿನಿ ತಮ್ಮನಾಗಿದ್ದರೂ ನಾಲ್ವರಿಗೂ ತಲಾ 2 ಲಕ್ಷ ಸಲ್ಲಬೇಕು. ತಮ್ಮನಿಗೆ ಏನೂ ಇಲ್ಲ. ತಾಯಿಯ ಪಾಲನ್ನು ಮರೆಯುವವರೇ ಹೆಚ್ಚು. 2025ರ ನವೆಂಬರ್ 1ರಿಂದ, ಅಂದರೆ ನಮ್ಮ ರಾಜ್ಯೋತ್ಸವದ ದಿನದಿಂದಲೇ, ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಬರೆಸುವ ಅನುಕೂಲ ಬಂದಿದೆ.

ಮೂರನೆಯದು ಮುದಿ ತಂದೆತಾಯಿಗಳದು. 2007ರ ಕಾಯಿದೆಯಂತೆ ಅವರು ಮಕ್ಕಳಿಂದ ಜೀವನಾಂಶ ಕೇಳಬಹುದು. ತಾವೇ ಅರ್ಜಿ ಹಾಕಲು ಅಶಕ್ತರಾದರೆ, ಅವರು ಒಪ್ಪಿಗೆ ಕೊಟ್ಟ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಹಾಕಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮನೆಯನ್ನು ದಾನವಾಗಿ ಪಡೆದ ಮಗ ಮಾತಿಗೆ ತಪ್ಪಿದರೆ ಆ ದಾನವನ್ನು ರದ್ದುಪಡಿಸಿಕೊಳ್ಳುವ ದಾರಿಯೂ ಉಂಟು. ಷರತ್ತು ಪತ್ರದಲ್ಲಿಯೇ ಇರುವಂತೆ ನೋಡಿಕೊಳ್ಳತಕ್ಕದ್ದು.

1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ಸಮಾಜಸೇವಕರ ನೆರವು ಪಡೆಯುವುದಕ್ಕೆ ಅವಕಾಶವಿಟ್ಟಿದೆ. ರಾಜಿಗೆ ಯತ್ನಿಸುವುದು ನ್ಯಾಯಾಲಯದ ಮೊದಲ ಕರ್ತವ್ಯವೆಂದೂ ಹೇಳಿದೆ. ರಾಜಿ ಒಳ್ಳೆಯದೇ. ಆದರೆ "ಹೊಂದಿಕೊಂಡು ಹೋಗಮ್ಮಾ" ಎಂಬ ಬುದ್ಧಿವಾದ ಯಾವಾಗಲೂ ಬಡಪಾಯಿಯ ಕಡೆಗೇ ತಿರುಗುತ್ತದೆ. ಅವಳಿಗೆ ಏನು ಸಲ್ಲಬೇಕೆಂದು ತಿಳಿದವನು ಮಾತ್ರ ಎರಡು ಕಡೆಗೂ ನ್ಯಾಯವಾದ ಮಾತನಾಡಬಲ್ಲನು.

ಕೊನೆಯದಾಗಿ ಭಾಷೆಯ ಮಾತು. ನಮ್ಮ ಮನೆಗಳಲ್ಲಿ ಊರಿನ ಪಹಣಿ ಕನ್ನಡದಲ್ಲಿ, ಇಲ್ಲಿಯ ಕಾಗದ ತೆಲುಗು ಇಲ್ಲವೆ ಇಂಗ್ಲಿಷಿನಲ್ಲಿ, ಅಜ್ಜನ ಕಾಲದ ದಾಖಲೆ ಉರ್ದುವಿನಲ್ಲಿ. ಹೈದರಾಬಾದಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಈ ಭಾಷೆಗಳೆಲ್ಲ ಕಿವಿಗೆ ಬಿದ್ದಿವೆ. ಕನ್ನಡದ ಅಕ್ಷರವನ್ನೂ ಬಿಡದೆ ಕಲಿತರೆ, ಓದಲು ಬಾರದ ಒಬ್ಬ ತಾಯಿಗೆ ಅವಳ ಕಾಗದವನ್ನು ಅವಳ ಮಾತಿನಲ್ಲಿಯೇ ಓದಿ ಹೇಳಬಹುದು. ಹೆಬ್ಬೆಟ್ಟು ಒತ್ತುವ ಮೊದಲು ಅಷ್ಟು ಮಾಡಿದರೂ ಅದು ದೊಡ್ಡ ಸೇವೆ.