ತೊಟ್ಟಿಲ ಪಕ್ಕದ ಕೀಬೋರ್ಡ್: ಮೂರು ಸಾವಿರದೊಳಗೆ ಸದ್ದಿಲ್ಲದ ಮೆಕ್ಯಾನಿಕಲ್

ಕೊಟ್ಟೂರಿನಿಂದ ಮಾತಾಡ್ತಾ ಇದೀನಿ. ಇವತ್ತು ಮಾತಿಗಿಂತ ಮೊದಲು ಒಂದು ಸದ್ದು ಕೇಳಿಸ್ತೀನಿ. ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಇಳಿಸಿ.

(ಕೀಬೋರ್ಡ್ ಸದ್ದು, ಜೋರಾಗಿ)

ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬ್ಯಾಂಕ್ ಕೌಂಟರು, ರೈಲ್ವೆ ರಿಸರ್ವೇಶನ್ ಕೌಂಟರು, ತಾಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿ. ಮೆಕ್ಯಾನಿಕಲ್ ಕೀಬೋರ್ಡ್ ಅಂದ್ರೆ ಬಣ್ಣಬಣ್ಣದ ಲೈಟಿನ ಗೇಮಿಂಗ್ ಸಾಮಾನು ಅಂತ ನಾವು ಅಂದ್ಕೋತೀವಿ. ಆದ್ರೆ ನಮ್ಮ ದೇಶದ ಕಚೇರಿಗಳಲ್ಲಿ ಟಿವಿಎಸ್ ಗೋಲ್ಡ್ ಅನ್ನೋ ಕೀಬೋರ್ಡು ಎಷ್ಟೋ ವರ್ಷದಿಂದ ದುಡೀತಾ ಇದೆ. ಅದರ ಹಳೇ ಮಾಡೆಲ್ಲುಗಳ ಒಳಗೆ ಇದ್ದದ್ದು ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್. ಗಟ್ಟಿಮುಟ್ಟು, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತೆ. ಜೊತೆಗೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ.

ನಾನು ಈಗ ಕೇಳಿಸಿದ್ದು ನನ್ನದೇ ಹಳೇ ಕೀಬೋರ್ಡು. ಅದೂ ನೀಲಿ ಸ್ವಿಚ್ಚಿಂದೇ. ಅದರಿಂದ ನಮ್ಮ ಮನೇಲಿ ಏನಾಯ್ತು ಅಂತ ಹೇಳ್ತೀನಿ.

ನಾನು ಬಿ.ಕಾಂ. ಓದಿದವನು. ಈ ಪಾಡ್‌ಕಾಸ್ಟಿನಿಂದ ಹೊಟ್ಟೆ ತುಂಬಲ್ಲ, ಅದು ನಿಮಗೂ ಗೊತ್ತು. ರಾತ್ರಿ ಹೊತ್ತು ಊರಿನ ನಾಲ್ಕೈದು ಅಂಗಡಿಗಳ ಲೆಕ್ಕ ಟ್ಯಾಲಿಗೆ ಏರಿಸ್ತೀನಿ. ಜಿಎಸ್‌ಟಿ ಕೆಲಸ ಮಾಡೋರಿಗೆ ತಿಂಗಳಲ್ಲಿ ಎರಡು ಹಬ್ಬ: 11ನೇ ತಾರೀಖು ಜಿಎಸ್‌ಟಿಆರ್-1, 20ನೇ ತಾರೀಖು 3ಬಿ. ಆ ತಾರೀಖುಗಳ ಹಿಂದಿನ ಎರಡು ಮೂರು ರಾತ್ರಿ ನಿದ್ದೆ ಇಲ್ಲ. ಹಗಲು ಅಂಗಡಿಯವರು ಬಿಲ್ ಕೊಡಲ್ಲ. ಒಂಬತ್ತು ಗಂಟೆಗೆ ಬಾಗಿಲು ಹಾಕಿ, ಬಿಲ್ಲಿನ ಕಟ್ಟು ಕೈಗಿಟ್ಟು, "ಬೆಳಗ್ಗೆ ಆಗ್ಬೇಕಪಾ" ಅಂತಾರೆ.

ಇದೇ ಹೊತ್ತಿಗೆ ನಮ್ಮಕ್ಕ ಬಾಣಂತನಕ್ಕೆ ಹಡಗಲಿಯಿಂದ ಬಂದಳು. ನಮ್ಮದು ಒಂದು ಪಡಸಾಲೆ, ಒಂದು ಅಡುಗೆಮನೆಯ ಮನೆ. ಪಡಸಾಲೆಯಲ್ಲೇ ತೊಟ್ಟಿಲು, ಪಡಸಾಲೆಯಲ್ಲೇ ನನ್ನ ಟೇಬಲ್ಲು. ನಡುವೆ ಆರು ಮಾರು ಕೂಡ ಇಲ್ಲ. ಕೂಸು ಮಲಗೋದು, ನಾನು ಒಂದು ವೋಚರ್ ಹೊಡೆಯೋದು, ಕೂಸು ಏಳೋದು. ಮೂರನೇ ರಾತ್ರಿ ಅಕ್ಕ ಎದ್ದು ಕೂತು ಹೇಳಿದಳು: "ತಮ್ಮಾ, ಇನ್ನೊಂದ್ ಸಲ ಆ ಟಕಟಕ ಕೇಳ್ಸಿದ್ರ ಅದನ್ನ ಒಯ್ದು ಕೆರಿಗೆ ಒಗಿತೀನಿ ನೋಡು." ಅವಳ ಕಣ್ಣು ನೋಡಿದೆ. ನಿದ್ದೆಗೆಟ್ಟು ಕೆಂಪಗಾಗಿದ್ದವು. ಅವಳು ತಮಾಷೆ ಮಾಡ್ತಾ ಇರಲಿಲ್ಲ.

ಸುಲಭದ ದಾರಿ ಇತ್ತಲ್ಲ, ಐನೂರು ರೂಪಾಯಿಯ ಮಾಮೂಲಿ ಮೆಂಬ್ರೇನ್ ಕೀಬೋರ್ಡ್. ಒಳಗೆ ರಬ್ಬರ್ ಹಾಳೆ, ಸದ್ದು ಕಮ್ಮಿ. ಮನೇಲಿ ಹಳೇದೊಂದು ಬಿದ್ದಿತ್ತು, ಒಂದು ವಾರ ಅದರಲ್ಲೇ ಹೊಡೆದೆ. ಸದ್ದೇನೋ ನಿಂತ್ತು. ಆದ್ರೆ ನನ್ನ ಕಣ್ಣು ಇರೋದು ಬಿಲ್ಲಿನ ಮೇಲೆ, ಸ್ಕ್ರೀನಿನ ಮೇಲಲ್ಲ. ಸವೆದ ರಬ್ಬರಿನ ಮೇಲೆ ಸೊನ್ನೆ ಒತ್ತಿದ್ದು ಬಿತ್ತೋ ಇಲ್ವೋ ಬೆರಳಿಗೆ ತಿಳಿಯಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲು 1,25,000 ಇದ್ದದ್ದು 12,500 ಆಗಿ ಕೂತಿತ್ತು. ಬೆಳಗ್ಗೆ ಮತ್ತೊಮ್ಮೆ ತಾಳೆ ನೋಡಿದಾಗ ಸಿಕ್ಕಿತು, ಪುಣ್ಯ. ಸಿಗದೇ ಹೋಗಿದ್ರೆ ಸಾಮಾನು ಕೊಂಡ ಕಾಂಟ್ರಾಕ್ಟರಿಗೆ ಇನ್‌ಪುಟ್ ಕ್ರೆಡಿಟ್ ಕಮ್ಮಿ ತೋರಿಸೋದು. ಅವರು ಅಂಗಡಿಯವರಿಗೆ ಫೋನ್ ಮಾಡೋರು, ಅಂಗಡಿಯವರು ನನಗೆ ಮಾಡೋರು. ಆಮೇಲೆ ಆ ಅಂಗಡಿ ನನ್ನ ಕೈಲಿ ಉಳೀತಿರಲಿಲ್ಲ.

ಹಾಗಾಗಿ ನನಗೆ ಎರಡೂ ಬೇಕಿತ್ತು. ಬೆರಳಿಗೆ ಗೊತ್ತಾಗಬೇಕು, ಕೂಸಿಗೆ ಗೊತ್ತಾಗಬಾರದು. ಜೇಬಿನಲ್ಲಿ ಮೂರು ಸಾವಿರ.

ಈಗ ಸ್ವಲ್ಪ ಒಳಗಿನ ವಿಷಯ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಒಂದು ಬೇರೆ ಸ್ವಿಚ್ ಇರುತ್ತೆ. ಅದರೊಳಗೆ ಒಂದು ಸ್ಪ್ರಿಂಗು, ಒಂದು ಪ್ಲಾಸ್ಟಿಕ್ ಕಾಂಡ. ಒಟ್ಟು ಸುಮಾರು 4 ಮಿಲಿಮೀಟರ್ ಕೆಳಗೆ ಹೋಗುತ್ತೆ, ಆದ್ರೆ ಸಾಮಾನ್ಯವಾಗಿ 2 ಮಿಲಿಮೀಟರ್ ಹತ್ತಿರವೇ ಅಕ್ಷರ ಬಿದ್ದುಬಿಡುತ್ತೆ. ಕೆಂಪು ಸ್ವಿಚ್ ಆದ್ರೆ ದಾರೀಲಿ ಏನೂ ಅಡ್ಡ ಇಲ್ಲ, ನೇರ ಜಾರುತ್ತೆ. ಕಂದು ಅಂದ್ರೆ ಬ್ರೌನ್ ಆದ್ರೆ ನಡುವೆ ಸಣ್ಣ ಉಬ್ಬು, ರಸ್ತೆಯ ಹಂಪ್ ದಾಟಿದ ಹಾಗೆ. ಇದಕ್ಕೇ ಟ್ಯಾಕ್ಟೈಲ್ ಅನ್ನೋದು. ನೀಲಿಯಲ್ಲಿ ಉಬ್ಬಿನ ಜೊತೆ ಬೇಕಂತಲೇ ಕ್ಲಿಕ್ ಅನ್ನೋ ಸದ್ದು ಸೇರಿಸಿದ್ದಾರೆ.

ನಾನು ಮೋಸ ಹೋಗಿದ್ದು ಇಲ್ಲೇ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಬ್ರೌನ್ ಸ್ವಿಚ್ಚಿನ ಕೀಬೋರ್ಡಿಗೆ "ಸೈಲೆಂಟ್" ಅಂತ ಬರೆದಿದ್ದ. ತರಿಸಿದೆ. ಕ್ಲಿಕ್ ಇರಲಿಲ್ಲ, ನಿಜ. ಆದ್ರೆ ಕೀ ತಳಕ್ಕೆ ಬಡಿದಾಗ ಒಂದು ಸದ್ದು, ಮೇಲೆ ಎದ್ದು ಬಂದು ಬಡಿದಾಗ ಇನ್ನೊಂದು ಸದ್ದು. ಕೂಸು ಎರಡಕ್ಕೂ ಎದ್ದಿತು. ವಾಪಸ್ ಕಳಿಸಿ ದುಡ್ಡು ಬರೋ ಹೊತ್ತಿಗೆ ಹದಿನೈದು ದಿನ. ಹಾಗಾಗಿ ಇದೊಂದು ನೆನಪಿಟ್ಕೊಳ್ಳಿ: ಬ್ರೌನ್ ಅಂದ್ರೆ ಕ್ಲಿಕ್ ಇಲ್ಲ ಅಂತಷ್ಟೇ ಅರ್ಥ, ಸದ್ದಿಲ್ಲ ಅಂತಲ್ಲ. ನಿಜವಾದ ಸೈಲೆಂಟ್ ಸ್ವಿಚ್ ಬೇರೇನೇ ಇದೆ. ಅದರ ಕಾಂಡಕ್ಕೆ ಮೆತ್ತನೆ ರಬ್ಬರಿನಂಥ ತುಂಡು ಕೂರಿಸಿರ್ತಾರೆ, ಕೆಳಗೆ ಬಡಿದರೂ ಮೇಲೆ ಬಡಿದರೂ ಅದು ಹೊಡೆತ ತಿನ್ನುತ್ತೆ. ಅದರಲ್ಲೂ "ಸೈಲೆಂಟ್" ಅಂತ ಮಾತ್ರ ಇದ್ರೆ ಹೆಚ್ಚಿನವು ಜಾರುವ ಜಾತಿ. "ಸೈಲೆಂಟ್ ಟ್ಯಾಕ್ಟೈಲ್" ಅಂತ ಎರಡೂ ಪದ ಇರಬೇಕು.

ಚೆರ್ರಿಯ ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಅಂತ ಚೀನಾ ಕಂಪನಿಗಳು ಅದೇ ಅಳತೆಯ ಸ್ವಿಚ್ ಮಾಡೋಕೆ ಶುರು ಮಾಡಿದ್ವು. ನಮ್ಮಂಥವರ ಬಜೆಟ್ಟಿಗೆ ಈ ಸಾಮಾನು ಬಂದಿದ್ದೇ ಅದರಿಂದ. ಸೈಲೆಂಟ್ ಟ್ಯಾಕ್ಟೈಲ್‌ನಲ್ಲಿ ಬೋಬಾ ಯು4 ಅನ್ನೋದನ್ನ ಎಲ್ಲರೂ ಹೊಗಳ್ತಾರೆ. ನನ್ನ ಬಜೆಟ್ಟಿಗೆ ಅದು ಭಾರ. ಔಟೆಮು ಸೈಲೆಂಟ್ ಲೆಮನ್ ಸಿಕ್ಕಿತು, ನಾನು ಕೊಂಡಾಗ ಒಂದಕ್ಕೆ 25 ರೂಪಾಯಿ ಬಿತ್ತು. ಇದೇ ಕಂಪನಿಯ ಸೈಲೆಂಟ್ ಪೀಚ್ ಅಂತ ಇದೆ, ಅದು ಜಾರುವ ಜಾತಿ. ಹೆಸರು ನೋಡಿ ಆರ್ಡರ್ ಮಾಡಿ.

ಸ್ವಿಚ್ಚಿಗಿಂತ ಮೊದಲು ಅಳತೆ ನೋಡಬೇಕು. ಯೂಟ್ಯೂಬಿನವರೆಲ್ಲ 60 ಪರ್ಸೆಂಟ್, 65 ಪರ್ಸೆಂಟ್ ಪುಟ್ಟ ಕೀಬೋರ್ಡ್ ಮುದ್ದಾಗಿದೆ ಅಂತಾರೆ. ಮುದ್ದಾಗಿದೆ, ಸರಿ. ಆದ್ರೆ 60 ಪರ್ಸೆಂಟಿನಲ್ಲಿ ಮೇಲಿನ ಎಫ್ ಸಾಲೇ ಇರಲ್ಲ. ಟ್ಯಾಲಿಯಲ್ಲಿ ಎಫ್5 ಪೇಮೆಂಟು, ಎಫ್6 ರಿಸೀಟು, ಎಫ್8 ಸೇಲ್ಸು, ಎಫ್9 ಪರ್ಚೇಸು. ಪ್ರತಿ ವೋಚರಿಗೂ ಎರಡೆರಡು ಕೀ ಹಿಡ್ಕೊಂಡು ಕೂರೋಕಾಗುತ್ತಾ? ನಂಬರ್ ಪ್ಯಾಡ್ ಇಲ್ಲದೆ ಲೆಕ್ಕ ಬರೆಯೋದು ಅಂದ್ರೆ ಒಂದೇ ಕೈಲಿ ರೊಟ್ಟಿ ಬಡಿದ ಹಾಗೆ. ಕೋಡಿಂಗ್ ಮಾಡೋರು, ಕಥೆ ಬರೆಯೋರು ಸಣ್ಣದು ತಗೊಳ್ಳಿ. ಕಾಮರ್ಸ್ ಮಂದಿ ಪೂರ್ತಿ ಸೈಜೇ ತಗೊಳ್ಳಿ.

ಪೂರ್ತಿ ಸೈಜಿನದ್ದು, ಸೈಲೆಂಟ್ ಟ್ಯಾಕ್ಟೈಲ್ ಸ್ವಿಚ್ ಹಾಕೇ ಕೊಡೋದು ಮೂರು ಸಾವಿರದೊಳಗೆ ನನಗೆ ಎಲ್ಲೂ ಸಿಗಲಿಲ್ಲ. ದಾವಣಗೆರೆಯ ಒಬ್ಬ ಇಂಜಿನಿಯರಿಂಗ್ ಹುಡುಗನ ಹತ್ತಿರ ಗೇಮ್ ಆಡಿ ಬೇಜಾರಾಗಿದ್ದ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಇತ್ತು. ವೈರಿಂದು, 104 ಕೀ, ಹಾಟ್‌ಸ್ವಾಪ್. ಹಾಟ್‌ಸ್ವಾಪ್ ಅಂದ್ರೆ ಬೆಸುಗೆ ಬಿಚ್ಚದೆ ಸ್ವಿಚ್ ಕಿತ್ತು ಬೇರೆ ಕೂರಿಸಬಹುದು. 1,400ಕ್ಕೆ ಕೊಟ್ಟ.

ಲೆಕ್ಕ ಹಾಕಿ. 104 ಸ್ವಿಚ್ಚಿಗೆ 25ರಂತೆ 2,600. ಬಜೆಟ್ ಹೋಯ್ತು. ಒಂದು ದಿನ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆಮೇಲೆ ನನ್ನ ಬೆರಳು ದಿನಾ ಎಲ್ಲೆಲ್ಲಿ ಬೀಳುತ್ತೆ ಅಂತ ಎಣಿಸಿದೆ. ಅಕ್ಷರ 26. ಕಾಮಾ, ಫುಲ್‌ಸ್ಟಾಪು, ಸ್ಪೇಸು, ಎಂಟರು, ಬ್ಯಾಕ್‌ಸ್ಪೇಸು, ಎರಡು ಶಿಫ್ಟು, ಇವು 7. ನಂಬರ್ ಪ್ಯಾಡ್ 17. ಒಟ್ಟು 50! ಸ್ಕ್ರಾಲ್ ಲಾಕ್ ಸದ್ದು ಮಾಡಿದ್ರೆ ಮಾಡಲಿ, ಅದನ್ನ ಕೊನೇ ಸಲ ಯಾವಾಗ ಒತ್ತಿದ್ದೆ ಅಂತ ನನಗೇ ನೆನಪಿಲ್ಲ. ಎಫ್ ಸಾಲು ವೋಚರಿಗೊಂದೇ ಸಲ, ಮೆಲ್ಲಗೆ ಒತ್ತಿದರಾಯ್ತು. ಹತ್ತರ ಐದು ಪ್ಯಾಕೆಟ್, 1,250 ರೂಪಾಯಿ. ಕೊರಿಯರ್ 100, ಸಿಲಿಕೋನ್ ಗ್ರೀಸ್ 150. ಎಲ್ಲ ಸೇರಿ 2,900.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಎರಡು ವಿಷಯ ಮೊದಲೇ ಕೇಳಿ. ಒಳಗಿರೋದು ಆಪ್ಟಿಕಲ್ ಸ್ವಿಚ್ಚಾ? ಹಾಗಿದ್ರೆ ಬಿಟ್ಟುಬಿಡಿ, ಈ ಸ್ವಿಚ್ ಅದಕ್ಕೆ ಕೆಲಸ ಮಾಡಲ್ಲ. ಇನ್ನೊಂದು, ಕೆಲವು ಅಗ್ಗದ ಬೋರ್ಡುಗಳ ಸಾಕೆಟ್ಟಿನ ತೂತು ಸಣ್ಣದು, ಔಟೆಮು ಥರದ ತೆಳು ಪಿನ್ ಮಾತ್ರ ಹಿಡಿಯುತ್ತೆ. ನಂದು ಅದೇ ಆಗಿತ್ತು, ನಾನು ಕೊಂಡ ಸ್ವಿಚ್ಚೂ ಔಟೆಮು, ಬಚಾವಾದೆ. ಹೊಸ ಸ್ವಿಚ್ಚಿಗೆ ಐದು ಕಾಲಿದ್ದು ಬೋರ್ಡಿನಲ್ಲಿ ಮೂರೇ ತೂತಿದ್ರೆ ಗಾಬರಿ ಬೇಡ. ಪಕ್ಕದ ಎರಡು ಪ್ಲಾಸ್ಟಿಕ್ ಕಾಲು ನೇಲ್ ಕಟರಿನಲ್ಲಿ ಕತ್ತರಿಸಬಹುದು. ತಾಮ್ರದ ಪಿನ್ ಮುಟ್ಟಬೇಡಿ. ಕೂರಿಸುವಾಗ ನೆಟ್ಟಗೆ ಒತ್ತಿ. ನಾನು ಅವಸರ ಮಾಡಿ ಎರಡು ಪಿನ್ ಬಗ್ಗಿಸಿದೆ, ಆಮೇಲೆ ಅವ್ವನ ಹುಬ್ಬಿನ ಚಿಮಟದಲ್ಲಿ ನೇರ ಮಾಡಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಸ್ವಿಚ್ ಹಾಕಿದ ಮೇಲೂ ಸ್ಪೇಸ್ ಬಾರ್ ಗಲಗಲ ಅಂತಿತ್ತು. ಉದ್ದ ಕೀಗಳ ಕೆಳಗೆ ತಂತಿಯ ಸ್ಟೆಬಿಲೈಸರ್ ಇರುತ್ತೆ, ಸದ್ದು ಅದರದ್ದು, ಸ್ವಿಚ್ಚಿಂದಲ್ಲ. ತಂತಿ ಪ್ಲಾಸ್ಟಿಕ್ಕಿಗೆ ತಾಗುವ ಜಾಗಕ್ಕೆ ಕಡ್ಡಿಯಲ್ಲಿ ಒಂಚೂರು ಸಿಲಿಕೋನ್ ಗ್ರೀಸ್ ಹಚ್ಚಿದೆ, ನಿಂತ್ತು. ನಮ್ಮ ಸೋದರಮಾವ ಹೊಲಿಗೆ ಮಶೀನಿನ ಎಣ್ಣೆ ಬಿಡು ಅಂದಿದ್ರು. ಬೇಡ. ತೆಳು ಎಣ್ಣೆ ಹರಿದು ಎಲ್ಲೆಲ್ಲೋ ಹೋಗುತ್ತೆ, ಧೂಳು ಹಿಡಿಯುತ್ತೆ, ನಮ್ಮ ಕಡೆ ಬೇಸಿಗೆಯ ಧೂಳು ಗೊತ್ತಲ್ಲ.

ಇನ್ನೊಂದು, ಬಿಟ್ಟಿ ಉಪಾಯ. ನನ್ನ ಟೇಬಲ್ಲು ತಗಡಿಂದು, ಅದೇ ಒಂದು ತಮಟೆ. ಕೀಬೋರ್ಡಿನ ಕೆಳಗೆ ಅಜ್ಜನ ಹಳೇ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿದೆ. ಇದನ್ನ ಮೊದಲೇ ಮಾಡಬೇಕಿತ್ತು. ಯಾರಾದ್ರೂ ಸ್ವಿಚ್ ಕೊಳ್ಳೋ ಮೊದಲು ಕಂಬಳಿ ಹಾಸಿ ನೋಡಿ, ಕೆಲವರಿಗೆ ಅಷ್ಟೇ ಸಾಕಾಗಬಹುದು.

ಪರೀಕ್ಷೆ ಹೆಂಗೆ ಮಾಡಿದೆ ಅಂದ್ರೆ, ತೊಟ್ಟಿಲಲ್ಲಿ ಕೂಸು ಇಲ್ಲದಾಗ ಅಲ್ಲಿ ಫೋನ್ ಇಟ್ಟು ವಾಯ್ಸ್ ರೆಕಾರ್ಡರ್ ಆನ್ ಮಾಡಿದೆ. ಟೇಬಲ್ಲಿಗೆ ಬಂದು ಹತ್ತು ವೋಚರ್ ಹೊಡೆದೆ. ಆಮೇಲೆ ಇಯರ್‌ಫೋನಿನಲ್ಲಿ ಕೇಳಿದೆ. ನಮ್ಮ ಕಿವಿಗೆ ಕೀಬೋರ್ಡ್ ಹತ್ತಿರ ಇರುತ್ತೆ, ಮಲಗಿದವರಿಗೆ ಏನು ಕೇಳಿಸುತ್ತೆ ಅನ್ನೋದು ಅಲ್ಲಿಟ್ಟ ಫೋನಿಗೇ ಗೊತ್ತು. ಈಗ ನೀವೂ ಕೇಳಿ.

(ಕೀಬೋರ್ಡ್ ಸದ್ದು, ಬಹಳ ಮೆಲ್ಲಗೆ. ಹಿಂದೆ ಫ್ಯಾನಿನ ಸದ್ದು)

ಫ್ಯಾನೇ ಜೋರಾಗಿದೆ.

ಕೊರತೆ ಇಲ್ವಾ ಅಂದ್ರೆ, ಇದೆ. ನೀಲಿ ಸ್ವಿಚ್ಚು ಆಗತಾನೆ ಹುರಿದ ಮಂಡಕ್ಕಿ ಇದ್ದ ಹಾಗೆ, ಗರಿಗರಿ. ಸೈಲೆಂಟು ಸ್ವಲ್ಪ ನೆನೆದ ಮಂಡಕ್ಕಿ. ಮೊದಲ ಎರಡು ದಿನ ನನಗೆ ಹಿಡಿಸಲಿಲ್ಲ. ಆದ್ರೆ ಉಬ್ಬು ಇದೆ, ಅದು ಬೆರಳಿಗೆ ಸ್ಪಷ್ಟವಾಗಿ ಸಿಗುತ್ತೆ. ಉಬ್ಬು ದಾಟಿತು ಅಂದ್ರೆ ಸೊನ್ನೆ ಬಿತ್ತು ಅಂತ. ತಳದವರೆಗೆ ಗುದ್ದೋ ಅಭ್ಯಾಸ ಮೆಲ್ಲಗೆ ಹೋಯ್ತು, ಮಣಿಕಟ್ಟಿನ ನೋವೂ ನನಗೆ ಕಮ್ಮಿ ಆಯ್ತು.

ಕನ್ನಡ ಟೈಪ್ ಮಾಡೋರಿಗೆ ಒಂದು ಮಾತು. ಈ ಸ್ಕ್ರಿಪ್ಟನ್ನ ನಾನು ಬರೆಯೋದು ಕೆ.ಪಿ. ರಾವ್ ವಿನ್ಯಾಸದಲ್ಲಿ, ನುಡಿಯಲ್ಲಿ ಇರೋದು ಅದೇ. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಎಫ್ ಒತ್ತಬೇಕು. ಕೊಟ್ಟೂರು ಅಂತ ಬರೆಯೋಕೆ ಕೆ, ಓ, ಕ್ಯೂ, ಎಫ್, ಕ್ಯೂ, ಶಿಫ್ಟ್ ಹಿಡಿದು ಯು, ಆರ್, ಯು. ನಮ್ಮ ಭಾಷೇಲಿ ಒತ್ತು ಎಷ್ಟಿವೆ ನೋಡಿ! ಇಂಗ್ಲಿಷಿನವರಿಗೆ ಅಪರೂಪದ ಎಫ್ ಕೀ ನಮಗೆ ಎಡಗೈ ತೋರುಬೆರಳಿನ ದಿನಗೂಲಿ. ಸೆಕೆಂಡ್ ಹ್ಯಾಂಡ್ ತಂದ ಕೀಬೋರ್ಡಿನಲ್ಲಿ ಆ ಕೀ ಹೆಂಗಿದೆ ಅಂತ ಮೊದಲು ನೋಡಿ. ಕನ್ನಡ ಅಕ್ಷರ ಅಚ್ಚು ಹಾಕಿದ ಕೀಕ್ಯಾಪ್ ಇದಕ್ಕೆ ಬೇಕಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಬಜೆಟ್ ಸಾವಿರವೇ ಅಂದ್ರೆ? ಮೆಕ್ಯಾನಿಕಲ್ ಆಸೆ ಸದ್ಯಕ್ಕೆ ಬಿಡಿ. ಅಗ್ಗದ ಮೆಕ್ಯಾನಿಕಲ್ಲಿಗಿಂತ ಹೊಸ ಮೆಂಬ್ರೇನ್ ಎಷ್ಟೋ ವಾಸಿ, ಸವೆಯೋಕೆ ಮುಂಚೆ ಬದಲಿಸಿ, ಅಷ್ಟೇ.

ಕಳೆದ ತಿಂಗಳು 19ನೇ ತಾರೀಖು ರಾತ್ರಿ, ಲೈಟ್ ಆರಿಸಿ ಸ್ಕ್ರೀನ್ ಬೆಳಕಲ್ಲೇ ಕೂತಿದ್ದೆ. ಒಂದೂವರೆಗೆ ಅಕ್ಕ ಕೂಸಿಗೆ ಹಾಲು ಕುಡಿಸೋಕೆ ಎದ್ದಳು. ನನ್ನ ಕಡೆ ನೋಡಿ, "ಇವತ್ತ್ ಕೆಲಸ ಇಲ್ಲೇನೋ, ಸುಮ್ನ ಕುಂತೀಯಲ್ಲ" ಅಂದಳು. ಆಗ ನಾನು ನಲವತ್ತೆಂಟನೇ ಬಿಲ್ಲಿನಲ್ಲಿದ್ದೆ.

ಅವಳು ಮುಂದಿನ ವಾರ ಹಡಗಲಿಗೆ ಹೊರಟಿದ್ದಾಳೆ. ಹಳೇ ನೀಲಿ ಕೀಬೋರ್ಡು ಇನ್ನೂ ಅಟ್ಟದ ಮೇಲಿದೆ, ಕೆರೆಗೆ ಹೋಗಿಲ್ಲ. ಕಿತ್ತ ಐವತ್ತು ಸ್ವಿಚ್ ಒಂದು ಡಬ್ಬಿಯಲ್ಲಿವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆ ಯಾರಿಗಾದ್ರೂ ಔಟೆಮು ಸಾಕೆಟ್ಟಿನ ಬೋರ್ಡಿದ್ದು ಸ್ವಿಚ್ ಕೆಟ್ಟಿದ್ರೆ ಮೆಸೇಜ್ ಮಾಡಿ, ಬಸ್ಸಿನಲ್ಲಿ ಕಳಿಸ್ತೀನಿ. ಸಿಗೋಣ.